ರೆಕಾರ್ಡ್ ಕಾಪಿ ಹೊಡೆದ ಸುಳೇಭಾವಿ ಹುಡುಗ

ನೆಹರೂ ನಗರದ ಕುಮಾರ ಗಂಧರ್ವ ರಂಗಮಂದಿರಕ್ಕೆ ನಮ್ಮಲ್ಲಿ ಹೋಗದವರು ಕಮ್ಮಿ. ಶಾಲೆಯಲ್ಲಿದ್ದಾಗ ಗ್ಯಾದರಿಂಗ್ ಡ್ಯಾನ್ಸಿಗೆ ಹೋಗಿದ್ದೀವಿ, ಈಗ ನಾಟಕ ನೋಡೋಕೆ ಹೋಗ್ತೀವಿ. ಆದರೆ ಬೋರ್ಡ್ ಮೇಲಿರೋ ಹೆಸರು ಯಾರದ್ದು ಅಂತ ಕೇಳಿದ್ದರೆ ಹೋದ ವರ್ಷದವರೆಗೂ ನಾವು ತಲೆ ಕೆರೆದುಕೊಳ್ಳಬೇಕಿತ್ತು. ಯಾವುದೋ ಪುರಾಣದ ಗಂಧರ್ವ ಇರಬೇಕು ಅಂದುಕೊಂಡಿದ್ವಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ನಾವು, ಏನ್ ಮಾಡೋದು ಹೇಳ್ರಿ.

ನಮ್ಮ ಗ್ಯಾಂಗಿನಲ್ಲಿ ಅರ್ಧ ಜನ ಬೆಳಗಾವಿಯವರು, ಇನ್ನರ್ಧ ಖಾನಾಪುರದಿಂದ ದಿನಾ ಓಡಾಡೋರು. ಖಾನಾಪುರದಲ್ಲಿ ಮಿರಜ್ ಕಡೆಯ ರೈಲು ಹತ್ತಿ, ಬೆಳಗಾವಿಯಲ್ಲಿ ಇಳಿಯದೆ ಹಾಗೇ ಕೂತಿದ್ದರೆ ಸಾಂಬ್ರಾ ಆದ ಮೇಲೆ ಸುಳೇಭಾವಿ ಬರುತ್ತೆ. ನೇಕಾರರ ಊರು. ಅಲ್ಲೇ 1924ರ ಏಪ್ರಿಲ್ 8ರಂದು ಶಿವಪುತ್ರ ಸಿದ್ಧರಾಮಯ್ಯ ಕೋಂಕಳಿಮಠ ಅನ್ನೋ ಹುಡುಗ ಹುಟ್ಟಿದ. ಮನೆಮಾತು ಕನ್ನಡ. ಅಪ್ಪ ಸಿದ್ಧರಾಮಯ್ಯನವರಿಗೆ ಹಾಡಿನ ಹುಚ್ಚು, ಮನೆಯಲ್ಲಿ ಸಂಗೀತ ಕಿವಿಗೆ ಬೀಳ್ತಾನೇ ಇತ್ತು.

ಐದಾರು ವರ್ಷದ ಹುಡುಗ ಒಂದಿನ ಇದ್ದಕ್ಕಿದ್ದಂಗೆ ಹಾಡೋಕೆ ಶುರು ಮಾಡಿದನಂತೆ. ಹಾಡಿದ್ದು ಬಾಲಗೀತೆ ಅಲ್ಲ. ಗ್ರಾಮಫೋನ್‌ನಲ್ಲಿ ಕೇಳಿದ ದೊಡ್ಡ ದೊಡ್ಡ ಗವಾಯಿಗಳ ಹಾಡು. ರಾಮಕೃಷ್ಣಬುವಾ ವಝೆ, ಅಬ್ದುಲ್ ಕರೀಂ ಖಾನ್, ಇಂಥವರ ಹಾಡುಗಳನ್ನ ತಾನು, ಮುರ್ಕಿ, ಎಲ್ಲಿ ಉಸಿರು ತಗೋತಾರೆ ಅನ್ನೋದರ ಸಮೇತ ಒಪ್ಪಿಸ್ತಿದ್ದ. ಆಗಿನ 78 ಆರ್‌ಪಿಎಂ ರೆಕಾರ್ಡಿನ ಒಂದು ಬದಿಗೆ ಹಿಡಿಸ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಆ ಮೂರು ನಿಮಿಷದಲ್ಲಿ ಏನೇನು ಇದೆಯೋ ಅಷ್ಟೂ ಇವನ ಗಂಟಲಲ್ಲಿ. ನಾವು ಲ್ಯಾಬ್ ರೆಕಾರ್ಡ್ ಕಾಪಿ ಹೊಡೀತೀವಿ, ರೀಡಿಂಗ್ ಕೂಡ ಬದಲಾಯಿಸದೆ. ಇವನು ಹೊಡೆದದ್ದು ಗ್ರಾಮಫೋನ್ ರೆಕಾರ್ಡ್. ವ್ಯತ್ಯಾಸ ಏನಂದ್ರೆ ಇವನನ್ನ ನೋಡೋಕೆ ಊರೂರಲ್ಲಿ ಜನ ಸೇರ್ತಿದ್ರು. ಒಬ್ಬರು ಸ್ವಾಮೀಜಿ ಮೆಚ್ಚಿ ಕುಮಾರ ಗಂಧರ್ವ ಅಂತ ಹೆಸರು ಕೊಟ್ಟರು, ಅದೇ ನಿಂತಿತು. (ಬಾಲ ಗಂಧರ್ವ, ಸವಾಯಿ ಗಂಧರ್ವ, ಕುಮಾರ ಗಂಧರ್ವ ಮೂವರೂ ಬೇರೆ ಬೇರೆ ಮನುಷ್ಯರು. ನಾವು ಮೊದಲು ಒಬ್ಬರೇ ಅಂದುಕೊಂಡಿದ್ವಿ.)

ಹನ್ನೊಂದರ ವಯಸ್ಸಿನ ಹೊತ್ತಿಗೆ ಬಾಂಬೆಯ ಜಿನ್ನಾ ಹಾಲ್‌ನಲ್ಲಿ ನಡೆದ ಸಂಗೀತ ಸಮ್ಮೇಳನದಲ್ಲಿ ಹಾಡಿ ಅಲ್ಲಿದ್ದ ಘಟಾನುಘಟಿಗಳನ್ನೆಲ್ಲ ದಂಗು ಬಡಿಸಿದ. ಆಮೇಲೆ ಅಪ್ಪ ಅವನನ್ನ ಬಿ.ಆರ್. ದೇವಧರ್ ಅವರ ಸಂಗೀತ ಶಾಲೆಗೆ ಬಿಟ್ಟರು. ದೇವಧರ್ ಒಂದು ಘರಾನಾಕ್ಕೆ ಗಂಟು ಬಿದ್ದವರಲ್ಲ, ಪಾಶ್ಚಾತ್ಯ ಸಂಗೀತವನ್ನೂ ಕಲಿತವರು. ಬೇರೆ ಬೇರೆ ಘರಾನಾದ ಗಾಯಕರು ಅಲ್ಲಿಗೆ ಬಂದು ಹೋಗೋರು. ಹುಡುಗ ಎಲ್ಲರನ್ನೂ ಕೇಳಿದ, ಕಲಿತ, ದೊಡ್ಡವನಾಗ್ತಾ ಅಲ್ಲೇ ಪಾಠ ಹೇಳೋಕೂ ನಿಂತ. ಅದೇ ಶಾಲೆಯಲ್ಲಿ ಕಲೀತಿದ್ದ ಭಾನುಮತಿ ಕಂಸ ಅವರನ್ನ 1947ರಲ್ಲಿ ಮದುವೆಯಾದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೈಲ್ಡ್ ಪ್ರಾಡಿಜಿ ಒಬ್ಬ ಒಳ್ಳೆ ಗಾಯಕನಾದ ಅಂತ ಎರಡು ಸಾಲು ಬರೆದು ಸುಮ್ಮನಾಗಬಹುದಿತ್ತು. ಆದರೆ ಆಗಲೇ ಟಿಬಿ ಬಂತು.

ಶ್ವಾಸಕೋಶಕ್ಕೆ. ಹಾಡುಗಾರನಿಗೆ. ಆಗ ಅವರಿಗೆ ಇಪ್ಪತ್ಮೂರು, ನಮಗಿಂತ ನಾಲ್ಕೇ ವರ್ಷ ದೊಡ್ಡವರು. ಒಣ ಹವೆ ಬೇಕು ಅಂತ 1948ರಲ್ಲಿ ಮಧ್ಯಪ್ರದೇಶದ ಮಾಳವ ಸೀಮೆಯ ದೇವಾಸ್ ಊರಿಗೆ ಹೋದರು. ಡಾಕ್ಟರುಗಳು ಹಾಡೋದನ್ನ ಪೂರ್ತಿ ನಿಲ್ಲಿಸಿದರು. ಭಾನುಮತಿಯವರು ಟೀಚರ್ ಕೆಲಸ ಹಿಡಿದು ಮನೆ ನಡೆಸಿದರು, ಗಂಡನ ಆರೈಕೆಯನ್ನೂ ಮಾಡಿದರು. ಅವರ ಬಗ್ಗೆ ಎಲ್ಲ ಕಡೆ ಒಂದೆರಡು ಸಾಲಷ್ಟೇ ಸಿಗುತ್ತೆ. ಅದು ಸಾಲದು ಅಂತ ನಮಗನ್ನಿಸ್ತು.

ಸುಮಾರು ಐದು ವರ್ಷ ಹಾಸಿಗೆ. ಎಲ್ಲರ ಹಾಗೆ ಹಾಡಬಲ್ಲವರಿಗೆ ಈಗ ಯಾರ ಹಾಗೂ ಹಾಡೋಕಾಗಲ್ಲ, ಕೇಳೋದು ಮಾತ್ರ. ಕಿಟಕಿ ಹೊರಗೆ ಹೆಂಗಸರು ಕೆಲಸ ಮಾಡ್ತಾ ಹಾಡೋ ಮಾಳವದ ಜನಪದ ಹಾಡು, ಭಿಕ್ಷೆಗೆ ಬರೋ ನಾಥಪಂಥದ ಜೋಗಿಗಳ ನಿರ್ಗುಣ ಪದ, ಹಕ್ಕಿ ಸದ್ದು. ಮೂರ್ನಾಲ್ಕು ಸ್ವರದಲ್ಲೇ ತಿರುಗೋ ಆ ಹಾಡುಗಳನ್ನ ಬರೆದಿಟ್ಟುಕೊಂಡರು. ರಾಗಗಳು ಪುಸ್ತಕದಿಂದ ಹುಟ್ಟಿದ್ದಲ್ಲ, ಇಂಥ ಧುನ್‌ಗಳಿಂದಲೇ ಬೆಳೆದಿದ್ದು ಅನ್ನೋ ವಿಚಾರ ಅವರಿಗೆ ಗಟ್ಟಿಯಾದದ್ದು ಈ ದಿನಗಳಲ್ಲೇ.

ಉಳಿಸಿದ್ದು ಸ್ಟ್ರೆಪ್ಟೊಮೈಸಿನ್. 1943ರಲ್ಲಿ ಅಮೆರಿಕದ ಒಂದು ಲ್ಯಾಬಿನಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ ಔಷಧಿ, ಟಿಬಿಗೆ ಕೆಲಸ ಮಾಡಿದ ಮೊದಲ ಆ್ಯಂಟಿಬಯೊಟಿಕ್. ಅದು ಇವರ ಹಾಸಿಗೆ ಮುಟ್ಟೋದು ಇನ್ನೊಂದೆರಡು ವರ್ಷ ತಡವಾಗಿದ್ದರೆ? ರಂಗಮಂದಿರಕ್ಕೆ ಬೇರೆ ಹೆಸರು ಇರ್ತಿತ್ತು. 1953ರ ಹೊತ್ತಿಗೆ ಮತ್ತೆ ವೇದಿಕೆಗೆ ಬಂದರು, ಒಂದು ಶ್ವಾಸಕೋಶ ಹೆಚ್ಚುಕಮ್ಮಿ ಕೆಲಸಕ್ಕೆ ಬಾರದ ಹಾಗಾಗಿತ್ತು.

ಆಮೇಲಿನ ಹಾಡು ಕೇಳಿ. ಚಿಕ್ಕ ಚಿಕ್ಕ ತುಂಡು, ಥಟ್ಟನೆ ಮೇಲೇರುವ ದನಿ, ಮಧ್ಯೆ ಮಧ್ಯೆ ಖಾಲಿ ಜಾಗ. ಉಸಿರು ಸಾಲದ್ದಕ್ಕೆ ಹೀಗೆ ಹಾಡ್ತಿದ್ರು ಅಂತ ಕೆಲವರು ಹೇಳ್ತಾರೆ. ನಮಗೆ ಅದು ಅರ್ಧ ಸತ್ಯ ಅನ್ಸುತ್ತೆ. ಉಸಿರಿಲ್ಲದೆ ನಿಲ್ಲಿಸೋದಕ್ಕೂ ಬೇಕು ಅಂತಲೇ ನಿಲ್ಲಿಸೋದಕ್ಕೂ ಫರಕ್ ಇದೆ, ಇವರ ಮೌನ ಎರಡನೇ ಜಾತಿಯದು. ಆ ಖಾಲಿ ಜಾಗದಲ್ಲಿ ತಂಬೂರಿ ಕೇಳಿಸುತ್ತೆ. ತಂಬೂರಿ ಶ್ರುತಿ ಮಾಡೋದರಲ್ಲಿ ಅವರು ಭಾರೀ ಹಟಮಾರಿ. ಬ್ರಿಜ್ ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಇಡ್ತಾರೆ, ಅದನ್ನ ಕೂದಲೆಳೆಯಷ್ಟು ಸರಿಸಿದರೂ ಹಾರ್ಮೋನಿಕ್ಸ್ ಬೇರೆ ಆಗುತ್ತೆ. ಸಿಗ್ನಲ್ಸ್ ಕ್ಲಾಸಿನಲ್ಲಿ ಇದನ್ನ ಯಾರಾದರೂ ಹೇಳಿದ್ದರೆ ನಿದ್ದೆ ಬರ್ತಿರಲಿಲ್ಲ ನೋಡ್ರಿ.

ಮಾಲವತಿ, ಲಗನಗಂಧಾರ, ಸಹೇಲಿ ತೋಡಿ ಅಂತ ಹೊಸ ರಾಗಗಳನ್ನೇ ಕಟ್ಟಿದರು, ತಮ್ಮ ಬಂದಿಶ್‌ಗಳನ್ನ 1965ರಲ್ಲಿ ಅನೂಪರಾಗವಿಲಾಸ ಅನ್ನೋ ಪುಸ್ತಕ ಮಾಡಿದರು. ಸಂಪ್ರದಾಯದವರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ, ಯಾವ ಘರಾನಾ ಇದು ಅಂತ ಜಗಳ ತೆಗೆದರು. ಆದರೆ ಜನಕ್ಕೆ ಘರಾನಾ ಬೇಕಿರಲಿಲ್ಲ. ಮರಾಠಿ ಮನೆಗಳಲ್ಲಿ ಅವರ ನಾಟ್ಯಗೀತೆ, ವಾಣಿ ಜಯರಾಂ ಜೊತೆ ಹಾಡಿದ ಯುಗಳಗೀತೆ ಇವತ್ತಿಗೂ ಕೇಳಿಸುತ್ತೆ. ದೇಶದ ತುಂಬಾ ಓಡಿದ್ದು ಮಾತ್ರ ಕಬೀರನ ಪದಗಳು. ಹಂಸ ಒಂಟಿಯಾಗಿ ಹಾರಿಹೋಗುವ ಆ ಪದ ನಮ್ಮ ಹಾಸ್ಟೆಲ್‌ನಲ್ಲೂ ಒಬ್ಬರ ಅಲಾರಂ ಟೋನ್. ಅಜ್ಜಿ ಮನೆಯಲ್ಲಿ ತತ್ವಪದ ಕೇಳಿದವರಿಗೆ ಹಿಂದಿ ಬರದಿದ್ದರೂ ಹತ್ತಿರ ಅನ್ನಿಸುತ್ತೆ. ಸುಳೇಭಾವಿಯ ಕನ್ನಡದ ಹುಡುಗ ಮರಾಠಿಯಲ್ಲೂ ಹಿಂದಿ ಮಾಳವಿಯಲ್ಲೂ ಮನೆಯವನಾದ. ಬೋರ್ಡಿನ ಭಾಷೆಗೆ ಜಗಳ ನೋಡುತ್ತಲೇ ಬೆಳೆದ ನಮಗೆ ಇದು ಸಣ್ಣ ಸಂಗತಿಯಲ್ಲ.

1961ರಲ್ಲಿ ಎರಡನೇ ಹೆರಿಗೆಯ ಹೊತ್ತಿಗೆ ಭಾನುಮತಿ ತೀರಿಕೊಂಡರು. ಮರುವರ್ಷ ವಸುಂಧರಾ ಅವರನ್ನ ಮದುವೆಯಾದರು, ಮುಂದೆ ಎಷ್ಟೋ ಕಛೇರಿಗಳಲ್ಲಿ ಅವರದ್ದೇ ಜೊತೆದನಿ. ಮಗ ಮುಕುಲ್, ಮಗಳು ಕಲಾಪಿನಿ ಇಬ್ಬರೂ ಹಾಡುಗಾರರು. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಬಂತು. 1992ರ ಜನವರಿ 12ರಂದು ದೇವಾಸ್‌ನಲ್ಲೇ ಹೋದರು, ಅರವತ್ತೇಳು ವರ್ಷ.

ಮಳೆಗಾಲದ ಹಾಡುಗಳನ್ನಷ್ಟೇ ಸೇರಿಸಿ ಗೀತವರ್ಷಾ ಅಂತ ಅವರು ಒಂದು ಕಾರ್ಯಕ್ರಮ ಮಾಡ್ತಿದ್ರು. ಅದನ್ನ ಮಳೆಯಲ್ಲೇ ಕೇಳಬೇಕು ಅಂತ ಹೋದ ಜುಲೈನಲ್ಲಿ ನಾವು ಖಾನಾಪುರ ತಾಲೂಕಿನ ಕಣಕುಂಬಿಗೆ, ಮಲಪ್ರಭೆ ಹುಟ್ಟೋ ಜಾಗಕ್ಕೆ, ಬಸ್ಸಿನಲ್ಲಿ ಹೊರಟಿದ್ವಿ. ಒಂದು ಇಯರ್‌ಫೋನ್, ಇಬ್ಬಿಬ್ಬರು ಪಾಳಿ ಮೇಲೆ. ಜಾಂಬೋಟಿ ದಾಟಿದ ಮೇಲೆ ನೆಟ್‌ವರ್ಕ್ ಹೋಯ್ತು, ಹಾಡು ಅರ್ಧಕ್ಕೇ ನಿಂತಿತು. ನೀವು ಹೋಗೋದಾದರೆ ಮೊದಲೇ ಡೌನ್‌ಲೋಡ್ ಮಾಡ್ಕೊಂಡು ಹೋಗ್ರಿ.