ದಿವಂಗತ ಅಣ್ಣಾಸಾಹೇಬ ಲಠ್ಠೆಯವರು

ಕುರುಂದವಾಡದ ಜೈನ ಮನೆತನದಲ್ಲಿ 1878ರಲ್ಲಿ ಜನಿಸಿದ ಶ್ರೀ ಅಣ್ಣಾ ಬಾಬಾಜಿ ಲಠ್ಠೆಯವರು, ನಮ್ಮ ಸಮಾಜದಲ್ಲಿ ಆಂಗ್ಲ ವಿದ್ಯೆ ವಿರಳವಾಗಿದ್ದ ಕಾಲದಲ್ಲಿ ಎಂ.ಎ., ಎಲ್‌ಎಲ್.ಬಿ. ಪದವೀಧರರಾದರು. 1899ರಲ್ಲಿ ಉದಯಿಸಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಸಂಸ್ಥಾಪಕರಲ್ಲಿ ಅವರೊಬ್ಬರು. ಜೈನಧರ್ಮವನ್ನು ಪರಿಚಯಿಸುವ ಅವರ ಆಂಗ್ಲ ಗ್ರಂಥ 1905ರಲ್ಲಿ ಪ್ರಕಟವಾಯಿತು.

ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಮುಂದೆ ಬೆಳಗಾವಿಯಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. ಕೇಂದ್ರ ಶಾಸನಸಭೆಯ ಸದಸ್ಯತ್ವವೂ ಕೊಲ್ಹಾಪುರ ಸಂಸ್ಥಾನದ ದಿವಾನಗಿರಿಯೂ ಅವರನ್ನು ಅರಸಿ ಬಂದವು. ಛತ್ರಪತಿ ಶಾಹೂ ಮಹಾರಾಜರ ಚರಿತ್ರೆಯನ್ನೂ ಅವರು ಬರೆದರು.

1937ರಲ್ಲಿ ಬಿ.ಜಿ. ಖೇರರ ಮಂತ್ರಿಮಂಡಲದಲ್ಲಿ ಅವರು ಮುಂಬಯಿ ಪ್ರಾಂತದ ಅರ್ಥಸಚಿವರಾದರು. ಅವರ ನಿಜವಾದ ಪರೀಕ್ಷೆ ಆಗ ನಡೆಯಿತು. ಮದ್ಯದ ಸುಂಕವು ಸರಕಾರದ ಬೊಕ್ಕಸಕ್ಕೆ ದೊಡ್ಡ ಆಧಾರವಾಗಿತ್ತು. ಪಾನನಿರೋಧವನ್ನು ಜಾರಿಗೆ ತಂದರೆ ಆ ಆದಾಯ ಕೈಬಿಡುವುದು ನಿಶ್ಚಿತ. ಬಡವನ ಸಂಸಾರವನ್ನು ಕೆಡಿಸಿ ಬರುವ ಹಣವನ್ನು ತೊರೆದು, ಆ ಹೊರೆಯನ್ನು ಉಳ್ಳವರು ಹೊರಬೇಕೆಂಬುದು ಸರಕಾರದ ನಿರ್ಧಾರವಾಯಿತು. ಅದರಂತೆ ಲಠ್ಠೆಯವರು ನಗರದ ಸ್ಥಿರಾಸ್ತಿಗಳ ಮೇಲೆ ಶೇಕಡಾ 10ರ ತೆರಿಗೆಯನ್ನು ತಂದರು. ಆಸ್ತಿವಂತರ ವಿರೋಧ ಪ್ರಬಲವಾಗಿದ್ದರೂ ಅವರು ಹಿಂಜರಿಯಲಿಲ್ಲ. 1939ರ ಆಗಸ್ಟ್ 1ರಂದು ಮುಂಬಯಿ ನಗರದಲ್ಲಿ ಪಾನನಿರೋಧ ಜಾರಿಗೆ ಬಂದಿತು. ಭಾರತೀಯರನ್ನು ಕೇಳದೆ ದೇಶವನ್ನು ಯುದ್ಧಕ್ಕೆಳೆದುದನ್ನು ಪ್ರತಿಭಟಿಸಿ, ಅದೇ ವರ್ಷ ನವೆಂಬರಿನಲ್ಲಿ ಮಂತ್ರಿಮಂಡಲವು ಅಧಿಕಾರವನ್ನು ತ್ಯಜಿಸಿತು.

ಅವರು 1950ರಲ್ಲಿ ಸ್ವರ್ಗಸ್ಥರಾದರು. ಸಾಂಗಲಿಯ ಲಠ್ಠೆ ಶಿಕ್ಷಣ ಸಂಸ್ಥೆ ಅವರ ಹೆಸರನ್ನು ಉಳಿಸಿದೆ. ಮದ್ಯತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಒಂದು. ಶ್ರಾವಕನು ತನ್ನ ಮನೆಯಲ್ಲಿ ಪಾಲಿಸುವ ಆ ನಿಯಮಕ್ಕಾಗಿ ಒಂದು ಪ್ರಾಂತದ ಲೆಕ್ಕಪತ್ರವನ್ನೇ ಹೊಂದಿಸಿದ ಕೀರ್ತಿ ಲಠ್ಠೆಯವರದು.