ಪಲ್ವಂಕರ್ ಬಾಲೂ (1876–1955)

ಭಾರತದ ಆರಂಭಕಾಲದ ಶ್ರೇಷ್ಠ ಎಡಗೈ ಸ್ಪಿನ್ ಬೌಲರ್ ಪಲ್ವಂಕರ್ ಬಾಲೂ ಅವರು 1876ರಲ್ಲಿ ಧಾರವಾಡದಲ್ಲಿ ಜನಿಸಿದರು. ಅಂದು ಅಸ್ಪೃಶ್ಯವೆಂದು ಪರಿಗಣಿಸಲ್ಪಟ್ಟಿದ್ದ ಚಮ್ಮಾರ ಸಮುದಾಯಕ್ಕೆ ಸೇರಿದ ಇವರು, ಪುಣೆಯ ಯುರೋಪಿಯನ್ ಕ್ಲಬ್‌ನಲ್ಲಿ ಮೈದಾನದ ಕೆಲಸಗಾರರಾಗಿದ್ದರು. ಅಭ್ಯಾಸನಿರತ ಆಂಗ್ಲ ಅಧಿಕಾರಿಗಳಿಗೆ ಚೆಂಡೆಸೆಯುತ್ತಲೇ ಬೌಲಿಂಗ್‌ನಲ್ಲಿ ಪರಿಣತಿ ಪಡೆದರು.

ಇವರ ಪ್ರತಿಭೆಯನ್ನು ಮನಗಂಡು ಪುಣೆಯ ಹಿಂದೂ ತಂಡವು ಇವರನ್ನು ಸೇರಿಸಿಕೊಂಡಿತು. ಆಟದಲ್ಲಿ ಎಲ್ಲರೂ ಒಂದೇ ಚೆಂಡನ್ನು ಮುಟ್ಟುತ್ತಿದ್ದರೂ, ವಿರಾಮದ ವೇಳೆ ಇವರಿಗೆ ಹೊರಗಡೆ ಪ್ರತ್ಯೇಕ ಮಣ್ಣಿನ ಕುಡಿಕೆಯಲ್ಲಿ ಚಹಾ ನೀಡಲಾಗುತ್ತಿತ್ತು. ಅನಂತರ ಇವರು ಮುಂಬಯಿಯಲ್ಲಿ ನೆಲೆಸಿ ಅಲ್ಲಿನ ಹಿಂದೂ ತಂಡದ ಪ್ರಮುಖ ಬೌಲರ್ ಆದರು.

1906ರಲ್ಲಿ ಹಿಂದೂ ತಂಡವು ಯುರೋಪಿಯನ್ನರ ತಂಡವನ್ನು 109 ರನ್‌ಗಳಿಂದ ಪರಾಭವಗೊಳಿಸಿದ ಪಂದ್ಯದಲ್ಲಿ ಇವರು 8 ವಿಕೆಟ್ ಗಳಿಸಿದರು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡ್ ಪ್ರವಾಸ ಕೈಗೊಂಡ ಭಾರತ ತಂಡದ ಪರವಾಗಿ 114 ವಿಕೆಟ್ ಪಡೆದು ಖ್ಯಾತರಾದರು. 33 ಪ್ರಥಮ ದರ್ಜೆ ಪಂದ್ಯಗಳಲ್ಲಿ ಇವರ ಒಟ್ಟು ಗಳಿಕೆ 179 ವಿಕೆಟ್.

ಇಷ್ಟಾದರೂ ಜಾತಿಯ ಕಾರಣದಿಂದ ಹಿಂದೂ ತಂಡದ ನಾಯಕತ್ವವು ಇವರಿಗೆ ದೊರೆಯಲಿಲ್ಲ. ಸಾರ್ವಜನಿಕ ಒತ್ತಾಯದ ತರುವಾಯ 1920ರಲ್ಲಿ ಉಪನಾಯಕರಾದರು. 1923ರಲ್ಲಿ ಇವರ ಕಿರಿಯ ಸಹೋದರ ವಿಠ್ಠಲ ಅವರು ನಾಯಕರಾಗಿ ತಂಡಕ್ಕೆ ಜಯ ತಂದುಕೊಟ್ಟರು. ಅಣ್ಣನಿಗೆ ನಿರಾಕರಿಸಲಾದ ಗೌರವವು ತಮ್ಮನಿಗೆ ಸಂದಿತು.

ನಿವೃತ್ತಿಯ ಬಳಿಕ ರಾಜಕೀಯದಲ್ಲಿ ತೊಡಗಿಕೊಂಡ ಇವರು, 1937ರ ಮುಂಬಯಿ ಶಾಸನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಡಾ. ಬಿ.ಆರ್. ಅಂಬೇಡ್ಕರ್ ಅವರ ವಿರುದ್ಧ ಸ್ಪರ್ಧಿಸಿ ಪರಾಜಿತರಾದರು. 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನ ಹೊಂದಿದರು. ಅಸ್ಪೃಶ್ಯತೆಯ ಅಡೆತಡೆಗಳ ನಡುವೆ ಆಟದ ಬಲದಿಂದಲೇ ಮನ್ನಣೆ ಗಳಿಸಿದ ಧಾರವಾಡದ ಈ ಸುಪುತ್ರರು ಭಾರತದ ಕ್ರೀಡಾ ಇತಿಹಾಸದಲ್ಲಿ ಚಿರಸ್ಮರಣೀಯರು.