ಜಿಲ್ಲೆಯ ಲೆಕ್ಕ ಕೇಳಿದ ಧನಂಜಯರಾವ್ ಗಾಡ್ಗೀಳ್

ಪುಣೆಯ ಡೆಕ್ಕನ್ ಜಿಮಖಾನಾ ಪರಿಸರದಲ್ಲಿರುವ ಗೋಖಲೆ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಸಂಸ್ಥೆಯ ಹೆಸರನ್ನು ಇಲ್ಲಿನ ಕನ್ನಡಿಗರೆಲ್ಲ ಕೇಳಿಯೇ ಇರುತ್ತಾರೆ. ನಮ್ಮ ದೇಶದಲ್ಲಿ ಜಿಲ್ಲಾ ಮಟ್ಟದ ಯೋಜನೆ ಹಾಗೂ ವಿಕೇಂದ್ರೀಕರಣದ ಅಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿದವರಲ್ಲಿ ಆ ಸಂಸ್ಥೆಯ ಮೊದಲ ನಿರ್ದೇಶಕ ಧನಂಜಯರಾವ್ ಗಾಡ್ಗೀಳರು ಪ್ರಮುಖರು.

ಗಾಡ್ಗೀಳರು ಜನಿಸಿದ್ದು 1901ರ ಏಪ್ರಿಲ್ 10ರಂದು, ನಾಸಿಕದಲ್ಲಿ. ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿದ ಅವರು, ಭಾರತದ ಕೈಗಾರಿಕೆಗಳ ವಿಕಾಸವನ್ನು ಕುರಿತ ಗ್ರಂಥವನ್ನು 1924ರಲ್ಲಿ ಪ್ರಕಟಿಸಿ ತರುಣ ವಯಸ್ಸಿನಲ್ಲಿಯೇ ಹೆಸರಾದರು. ಸೂರತ್‌ನ ಕಾಲೇಜೊಂದರಲ್ಲಿ ಪ್ರಾಂಶುಪಾಲರಾಗಿದ್ದು, 1930ರಲ್ಲಿ ಗೋಖಲೆ ಸಂಸ್ಥೆ ಆರಂಭವಾದಾಗ ಪುಣೆಗೆ ಬಂದರು. ಮುಂದಿನ ಮೂರೂವರೆ ದಶಕ ಅವರ ಕರ್ಮಭೂಮಿ ಇದೇ ಆಯಿತು.

ಊರನ್ನು ತಿಳಿಯದೆ ಊರಿಗೆ ಯೋಜನೆ ರೂಪಿಸಲಾಗದು ಎಂಬುದು ಅವರ ದೃಢ ನಂಬಿಕೆಯಾಗಿತ್ತು. ಅಂತೆಯೇ ಸಂಸ್ಥೆಯ ಸಂಶೋಧಕರು ಗ್ರಂಥಾಲಯದಿಂದ ಹೊರಬಂದು ಸಾತಾರಾ ಜಿಲ್ಲೆಯ ವಾಯಿ ತಾಲ್ಲೂಕಿನ ರೈತರ ಆದಾಯ-ವೆಚ್ಚಗಳನ್ನು ಅಳೆದರು. ಪುಣೆ ನಗರದ ಮನೆಮನೆಯ ಸ್ಥಿತಿಗತಿಯನ್ನು ದಾಖಲಿಸಿದರು. ಅಹಮದ್‌ನಗರ ಜಿಲ್ಲೆಯ ಲೋಣಿಯಲ್ಲಿ ವಿಠ್ಠಲರಾವ್ ವಿಖೆ ಪಾಟೀಲರೊಡನೆ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಟ್ಟುವಲ್ಲಿಯೂ ಗಾಡ್ಗೀಳರ ಪಾತ್ರ ಹಿರಿದು.

1967ರಲ್ಲಿ ಅವರು ಯೋಜನಾ ಆಯೋಗದ ಉಪಾಧ್ಯಕ್ಷರಾದರು. ಅಲ್ಲಿಯವರೆಗೆ ರಾಜ್ಯಗಳಿಗೆ ಕೇಂದ್ರದ ನೆರವು ದೊರೆಯುತ್ತಿದ್ದುದು ಬಹುಮಟ್ಟಿಗೆ ಯೋಜನೆಗೊಂದು ತೀರ್ಮಾನ ಎಂಬಂತೆ. 1969ರ ಗಾಡ್ಗೀಳ್ ಸೂತ್ರ ಇದನ್ನು ಬದಲಿಸಿತು. ವಿಶೇಷ ವರ್ಗದ ರಾಜ್ಯಗಳ ಪಾಲನ್ನು ತೆಗೆದಿಟ್ಟು, ಉಳಿದುದರಲ್ಲಿ ಶೇ. 60 ಜನಸಂಖ್ಯೆಗೆ, ತಲಾ ಶೇ. 10ರಂತೆ ಕಡಿಮೆ ತಲಾದಾಯ, ತೆರಿಗೆ ಸಂಗ್ರಹದ ಶ್ರಮ, ನಡೆಯುತ್ತಿದ್ದ ನೀರಾವರಿ-ವಿದ್ಯುತ್ ಕಾಮಗಾರಿ ಹಾಗೂ ವಿಶೇಷ ಸಮಸ್ಯೆಗಳಿಗೆ ಹಂಚಲಾಯಿತು. ದಾಕ್ಷಿಣ್ಯದ ಜಾಗದಲ್ಲಿ ಎಲ್ಲರಿಗೂ ಕಾಣುವ ನಿಯಮವೊಂದು ಬಂದಿತು.

ಬ್ಯಾಂಕಿನಲ್ಲಿ ದುಡಿಯುವ ನನ್ನಂಥವರು ಅವರನ್ನು ನೆನೆಯಲು ಇನ್ನೊಂದು ಕಾರಣವಿದೆ. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಅದೇ ವರ್ಷ ಗಾಡ್ಗೀಳರ ನೇತೃತ್ವದ ಅಧ್ಯಯನ ತಂಡ, ಬ್ಯಾಂಕ್ ಸೇವೆಯನ್ನು ಪ್ರದೇಶವಾರು ಯೋಜಿಸಬೇಕೆಂದು ಶಿಫಾರಸು ಮಾಡಿತು. ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಅಗ್ರಣಿ ಬ್ಯಾಂಕ್ ಯೋಜನೆಯನ್ನು ಜಾರಿಗೆ ತಂದು, ಜಿಲ್ಲೆಗೊಂದು ಬ್ಯಾಂಕಿಗೆ ಮುಂದಾಳ್ತನ ವಹಿಸಿತು. ಸಾಲದ ಯೋಜನೆ ಜಿಲ್ಲೆಯ ಬೆಳೆ, ನೀರು, ಕಸುಬುಗಳನ್ನು ನೋಡಿ ಸಿದ್ಧವಾಗಬೇಕೆಂಬುದು ಇದರ ಆಶಯ.

ಗಾಡ್ಗೀಳರು 1971ರ ಮೇ 3ರಂದು ನಿಧನರಾದರು. ಅವರ ಪುತ್ರ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಮಾಧವ ಗಾಡ್ಗೀಳರು 2011ರ ಪಶ್ಚಿಮಘಟ್ಟ ವರದಿಯಲ್ಲಿ ಗ್ರಾಮಸಭೆಗಳ ಮಾತಿಗೆ ಬೆಲೆ ಸಿಗಬೇಕೆಂದು ವಾದಿಸಿದ್ದನ್ನು ಇಲ್ಲಿ ಸ್ಮರಿಸಬಹುದು.

ಆದರೆ ಜಿಲ್ಲೆಯ ಅಂಕಿ-ಅಂಶ ಒಟ್ಟುಗೂಡಿದ ಮಾತ್ರಕ್ಕೆ ಜಿಲ್ಲೆಯ ಜನರ ಕೈಗೆ ಅಧಿಕಾರ ಬರುವುದಿಲ್ಲ. ಆ ಕೊರತೆಯನ್ನು ತುಂಬಲು ನಮ್ಮ ಕರ್ನಾಟಕ ಮುಂದಾಯಿತು. ಅಬ್ದುಲ್ ನಜೀರ್ ಸಾಬರ ಶ್ರಮದಿಂದ 1987ರಲ್ಲಿ ಚುನಾಯಿತ ಜಿಲ್ಲಾ ಪರಿಷತ್ತುಗಳು ಅಧಿಕಾರಕ್ಕೆ ಬಂದವು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ದೇಶಕ್ಕೆಲ್ಲ ಈ ದಾರಿ ತೆರೆದವು. ಆ ಬಳಿಕ ಸಂಶೋಧಕರ ಪ್ರಶ್ನೆಯೂ ಬದಲಾಯಿತು: ಯೋಜನೆ ಹೇಗಿರಬೇಕು ಎಂಬುದರ ಜೊತೆಗೆ, ಹಣ, ಕೆಲಸ ಮತ್ತು ಸಿಬ್ಬಂದಿ ನಿಜವಾಗಿ ಯಾರ ಅಧೀನದಲ್ಲಿವೆ ಎಂದು ಅವರು ಕೇಳತೊಡಗಿದರು.

ಈ ಪ್ರಶ್ನೆ ಹಳೆಯದಾಗಿಲ್ಲ. 2022ರ ಮಾರ್ಚ್‌ನಲ್ಲಿ ಅವಧಿ ಮುಗಿದ ಪುಣೆ ಮಹಾನಗರಪಾಲಿಕೆ ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆ ನಡೆಯಿತು. ಕರ್ನಾಟಕದ ಜಿಲ್ಲಾ ಪಂಚಾಯಿತಿಗಳೂ 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಕಾಣಲಿಲ್ಲ. ಗಾಡ್ಗೀಳರು ಜಿಲ್ಲೆಯ ಲೆಕ್ಕವನ್ನು ಕೇಳಲು ಕಲಿಸಿದರು. ಆ ಲೆಕ್ಕವನ್ನು ಕೇಳುವ ಹಕ್ಕು ಜಿಲ್ಲೆಯ ಮತದಾರನಿಗೆ ತಪ್ಪದಂತೆ ನೋಡಿಕೊಳ್ಳುವುದು ಎರಡೂ ರಾಜ್ಯಗಳೊಡನೆ ನಂಟಿರುವ ನಮ್ಮೆಲ್ಲರ ಹೊಣೆಯಾಗಿದೆ.